ತಲೆಗೆ ಕರೆಂಟು ಕೊಟ್ಟರೆ ಓದು ಬರುತ್ತದೆಯೇ?

(ಕೊಕಟನೂರಿನಲ್ಲಿ ನಡೆದ ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ವಿಷಯ ನಾನು ಆರಿಸಿಕೊಂಡದ್ದಲ್ಲ. ಹೋದ ತಿಂಗಳು ಅಥಣಿ ಬಸ್ ನಿಲ್ದಾಣದಲ್ಲಿ ನಮ್ಮವರೇ ಒಬ್ಬರು ನನ್ನನ್ನು ನಿಲ್ಲಿಸಿ ಮೊಬೈಲ್ ತೋರಿಸಿದರು. ತಲೆಗೆ ಪಟ್ಟಿ ಕಟ್ಟಿಕೊಂಡ ಹುಡುಗನೊಬ್ಬ ನಗುನಗುತ್ತ ಪುಸ್ತಕ ಓದುತ್ತಿದ್ದ. "ಸರ್, ತಲಿಗೆ ಸಣ್ಣ ಕರೆಂಟ್ ಕೊಟ್ರ ಓದಾಕ ಬರತೈತಂತ. ಈ ಸಲದ ಕಬ್ಬಿನ ಬಿಲ್ ಬಂದೈತಿ. ನಮ್ಮ ಹುಡುಗಗ ಕೊಡಸಲೇನ್ರೀ?" ಎಂದು ಕೇಳಿದರು. ಅವರ ಮಗ ಐದನೆಯ ಇಯತ್ತೆ. ಬಾಯಿಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಬೆವರುತ್ತಾನೆ. ಅಷ್ಟರಲ್ಲಿ ಬಸ್ ಬಂತು, ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಅವರು ಇಂದು ಈ ಸಭೆಯಲ್ಲಿಯೇ ಇದ್ದಾರೆ. ಆ ಉತ್ತರವನ್ನು ಎಲ್ಲರ ಎದುರು ಕೊಡುತ್ತೇನೆ.

ಬುದ್ಧಿ ಚೆನ್ನಾಗಿದ್ದೂ, ಕಣ್ಣು ಕಿವಿ ಸರಿಯಿದ್ದೂ, ಕಲಿಸುವವರಿದ್ದೂ ಓದು ಮಾತ್ರ ಹತ್ತದಿರುವ ಸ್ಥಿತಿಗೆ ಡಿಸ್ಲೆಕ್ಸಿಯಾ ಎನ್ನುತ್ತಾರೆ. ಈ ಹೆಸರನ್ನು 1887ರಲ್ಲಿ ಕೊಟ್ಟವರು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣನಾಗುತ್ತಿದ್ದ ಎಂದು ಆ ಹುಡುಗನ ಮಾಸ್ತರರು ಹೇಳಿದ್ದರಂತೆ. ನಮ್ಮ ಜನಕ್ಕೆ ಈ ಮಾತು ಮುಟ್ಟಿದ್ದು 2007ರ 'ತಾರೆ ಜಮೀನ್ ಪರ್' ಚಿತ್ರದಿಂದ.

ನನಗೂ ಅದಕ್ಕಿಂತ ಮೊದಲು ಗೊತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ವಿಜ್ಞಾನದ ಮಾಸ್ತರನಾಗಿದ್ದ ಕಾಲದಲ್ಲಿ ಒಬ್ಬ ಹುಡುಗ 'ಬೆಳಕಿನ ಪ್ರತಿಫಲನ' ಎಂಬ ಪಾಠದ ಹೆಸರನ್ನೇ ಓದಲಾರದೆ ನಿಂತ. ಸೊಕ್ಕು ಎಂದು ತಿಳಿದು ಹೊಡೆದೆ. ಒಂದೆರಡು ಸಲವಲ್ಲ, ಇಡೀ ವರ್ಷ. ಏಳನೆಯ ಇಯತ್ತೆಗೆ ಅವನು ಸಾಲಿ ಬಿಟ್ಟ. ಈಗ ಮೋಟಾರ್ ರಿವೈಂಡಿಂಗ್ ಮಾಡುತ್ತಾನೆ. ಕಳೆದ ಬೇಸಿಗೆ ನಮ್ಮ ಬೋರಿನ ಮೋಟಾರು ಸುಟ್ಟಾಗ ಅವನಲ್ಲಿಗೇ ಒಯ್ದೆ. ಯಾವ ಮೋಟಾರಿಗೆ ಎಷ್ಟು ಸುತ್ತು, ಯಾವ ಗೇಜಿನ ತಂತಿ, ಎಲ್ಲವೂ ಅವನ ತಲೆಯಲ್ಲಿದೆ. ಕೆಲಸ ಮುಗಿದ ಮೇಲೆ ಬಿಲ್ ಬರೆಯಲು ಮಗಳನ್ನು ಕರೆದ. ಹಳೆಯದನ್ನು ಅವನು ಎತ್ತಲಿಲ್ಲ, ಚಹಾ ತರಿಸಿದ. ಆ ಚಹಾ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಈಗ ಕರೆಂಟಿನ ಮಾತಿಗೆ ಬರೋಣ. ಮಾತು ಮಗುವಿಗೆ ತಾನಾಗಿ ಬರುತ್ತದೆ, ಓದು ಹಾಗಲ್ಲ. ಕಣ್ಣು ಕಂಡ ಆಕಾರವನ್ನು ಕಿವಿ ಬಲ್ಲ ದನಿಗೆ ಜೋಡಿಸಬೇಕು. ಈ ಜೋಡಣೆಯ ಕೆಲಸದಲ್ಲಿ ಎಡಗಿವಿಯ ಮೇಲೆ ಮತ್ತು ಹಿಂದೆ ಇರುವ ಮೆದುಳಿನ ಭಾಗಗಳಿಗೆ ದೊಡ್ಡ ಪಾಲಿದೆ. ಡಿಸ್ಲೆಕ್ಸಿಯಾ ಇರುವವರು ಓದುವಾಗ ಆ ಭಾಗಗಳ ಚಟುವಟಿಕೆ ಕಡಿಮೆ ಇರುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಹಾಗಾದರೆ ಅಲ್ಲಿಗೆ ಹೊರಗಿನಿಂದ ತುಸು ವಿದ್ಯುತ್ತು ಹರಿಸಿದರೆ ಹೇಗೆ ಎಂಬುದೇ ಈ ವಿದ್ಯೆಯ ಮೂಲ. ತಲೆ ಕೊಯ್ಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ನೆತ್ತಿಯ ಚರ್ಮದ ಮೇಲಿಟ್ಟು ಒಂದೆರಡು ಮಿಲಿಆಂಪಿಯರ್ ನೇರ ಪ್ರವಾಹವನ್ನು ಇಪ್ಪತ್ತು ನಿಮಿಷ ಹರಿಸುತ್ತಾರೆ. ಹಳೆಯ ಕೈಬ್ಯಾಟರಿಯ ಬಲ್ಬಿಗೆ ಇದರ ನೂರಾರು ಪಟ್ಟು ಬೇಕು. ಆದ್ದರಿಂದ ಇದನ್ನು ಮಾನಸಿಕ ಆಸ್ಪತ್ರೆಯ 'ಶಾಕ್' ಚಿಕಿತ್ಸೆ ಎಂದು ತಿಳಿಯಬೇಡಿ. ಅದರ ಪ್ರವಾಹವೂ ಬೇರೆ, ಅದಕ್ಕೆ ಅರಿವಳಿಕೆಯೂ ಬೇಕು. 2000ನೇ ಇಸವಿಯಲ್ಲಿ ಜರ್ಮನಿಯ ಗೊಟ್ಟಿಂಗನ್‌ನ ನಿಟ್ಷೆ ಮತ್ತು ಪೌಲಸ್ ಎಂಬ ವೈದ್ಯರು ಇಂಥ ಸಣ್ಣ ಪ್ರವಾಹದಿಂದ ಮೆದುಳಿನ ಸ್ಪಂದನೆ ಬದಲಾಗುವುದನ್ನು ತೋರಿಸಿದ ಮೇಲೆ ಸಂಶೋಧನೆಗೆ ವೇಗ ಬಂತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೂ ಈ ಯಂತ್ರ ಹೊಸದಲ್ಲ. ಇಲ್ಲದ ದನಿ ಕಿವಿಯಲ್ಲಿ ಕೇಳಿಸುವ ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ಅಲ್ಲಿನ ವೈದ್ಯರು ಒಂದು ದಶಕಕ್ಕೂ ಮೀರಿ ಇದನ್ನು ಬಳಸಿ ಅಧ್ಯಯನ ಮಾಡಿದ್ದಾರೆ.

ಈ ಪ್ರವಾಹ ನರಕೋಶಗಳನ್ನು ಕತ್ತು ಹಿಡಿದು ಕೆಲಸಕ್ಕೆ ಹಚ್ಚುವುದಿಲ್ಲ. ಅವು ಸ್ಪಂದಿಸಲು ತುಸು ಹೆಚ್ಚು ಸಜ್ಜಾಗಿರುವಂತೆ ಮಾಡುತ್ತದೆ, ಅಷ್ಟೇ. ಒಕ್ಕಲುತನದವರಿಗೆ ಹೀಗೆ ಹೇಳಬಹುದು: ಇದು ಹೊಲಕ್ಕೆ ಹದ ತರುವ ಕೆಲಸ. ಹದ ಬಂತೆಂದು ಬಿತ್ತದೆ ಕೂತರೆ ಬೆಳೆ ಎಲ್ಲಿಂದ ಬಂದೀತು?

ರೋಮ್ ನಗರದ ಬಂಬೀನೋ ಜೆಸು ಮಕ್ಕಳ ಆಸ್ಪತ್ರೆಯವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದೇ ಕಾಣುತ್ತದೆ. ಡಿಸ್ಲೆಕ್ಸಿಯಾ ಇದ್ದ 18 ಮಕ್ಕಳು ಮತ್ತು ಹದಿಹರೆಯದವರನ್ನು ಎರಡು ಗುಂಪು ಮಾಡಿದರು. ವಾರಕ್ಕೆ ಮೂರು ಸಲ, ಸಲಕ್ಕೆ ಇಪ್ಪತ್ತು ನಿಮಿಷ, ಆರು ವಾರ. ಓದಿನ ತರಬೇತಿ ಎರಡೂ ಗುಂಪಿಗೆ ಇತ್ತು. ಒಂದು ಗುಂಪಿಗೆ ಜೊತೆಯಲ್ಲಿ ಒಂದು ಮಿಲಿಆಂಪಿಯರ್ ನಿಜವಾದ ಪ್ರವಾಹ, ಇನ್ನೊಂದಕ್ಕೆ ಹುಸಿ ಪ್ರವಾಹ. ಹುಸಿ ಎಂದರೆ ಸ್ಪಂಜು, ಪಟ್ಟಿ ಎಲ್ಲ ಇರುತ್ತದೆ, ಚಿಕಿತ್ಸೆ ಮಾತ್ರ ಇರುವುದಿಲ್ಲ. ತನಗೆ ಸಿಕ್ಕದ್ದು ಯಾವುದು ಎಂದು ಮಗುವಿಗೆ ತಿಳಿಯದು. ನಿಜ ಪ್ರವಾಹ ಪಡೆದವರು ಅಪರೂಪದ ಪದಗಳಲ್ಲಿ ಮಾಡುವ ತಪ್ಪು ಕಡಿಮೆಯಾಯಿತು, ಅರ್ಥವಿಲ್ಲದ ಕಟ್ಟುಪದಗಳನ್ನು ಬೇಗ ಓದಿದರು. ತಿಂಗಳ ನಂತರವೂ ಅದು ಉಳಿದಿತ್ತು. ಅದೇ ತಂಡ 2019ರಲ್ಲಿ ಆರು ತಿಂಗಳವರೆಗೂ ಪರಿಣಾಮ ಕಂಡದ್ದನ್ನು ವರದಿ ಮಾಡಿತು.

ಇದು ಸಣ್ಣ ಮಾತಲ್ಲ. ಆದರೆ ಹದಿನೆಂಟು ಜನ ಎಂದರೆ ನಮ್ಮ ಒಂದು ತರಗತಿಯ ಅರ್ಧ. ಅವರು ಓದಿದ್ದು ಇಟಾಲಿಯನ್, ಅದರಲ್ಲಿ ಅಕ್ಷರಗಳು ಇಪ್ಪತ್ತೊಂದೇ. ಪ್ರವಾಹದ ಜೊತೆಗೆ ಓದಿನ ತರಬೇತಿ ಇತ್ತೆಂಬುದನ್ನೂ ಮರೆಯಬಾರದು. ಮೊಬೈಲಿನ ಜಾಹೀರಾತಿನಲ್ಲಿ ಆ ತರಬೇತಿಯ ಸುದ್ದಿಯೇ ಇರಲಿಲ್ಲ.

ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. 2020ರಲ್ಲಿ ಜಿನೀವಾದವರು ಡಿಸ್ಲೆಕ್ಸಿಯಾ ಇದ್ದ 15 ವಯಸ್ಕರಿಗೆ ಎಡಗಿವಿಯ ಬದಿಯ ಮೆದುಳಿನ ಮೇಲೆ, ಸೆಕೆಂಡಿಗೆ ಮೂವತ್ತು ಸಲ ಏರಿಳಿಯುವ ಪ್ರವಾಹವನ್ನು ಇಪ್ಪತ್ತು ನಿಮಿಷ ಕೊಟ್ಟರು. ಪದದೊಳಗಿನ ದನಿಗಳನ್ನು ಗುರುತಿಸುವುದು ಸುಧಾರಿಸಿತು, ಓದು ಹೆಚ್ಚು ನಿಖರವಾಯಿತು. ಆದರೆ ತುಂಬ ಚೆನ್ನಾಗಿ ಓದಬಲ್ಲವರಿಗೆ ಅದೇ ಪ್ರವಾಹ ತುಸು ಅಡ್ಡಿಯಾಯಿತು! ಪರೀಕ್ಷೆಗೆ ಮುಂಚೆ ನೆನಪು ಹೆಚ್ಚಿಸುವ ಪಟ್ಟಿ ಎಂದು ಯಾರಾದರೂ ಮಾರಲು ಬಂದರೆ ಇದನ್ನು ನೆನೆಯಿರಿ.

ಅಪಾಯವಿಲ್ಲವೇ ಎಂದು ತಾಯಂದಿರು ಕೇಳುತ್ತೀರಿ. ಸಂಶೋಧನಾಲಯದಲ್ಲಿ ಸಾಮಾನ್ಯವಾಗಿ ತುರಿಕೆ, ಚುರುಚುರು, ಚರ್ಮ ಕೆಂಪಾಗುವುದು, ಕೆಲವೊಮ್ಮೆ ತಲೆನೋವು, ಇಷ್ಟೇ. ಆದರೆ ಸ್ಪಂಜು ಒಣಗಿದರೆ ಚರ್ಮ ಸುಡುತ್ತದೆ. ಮಕ್ಕಳ ತಲೆಬುರುಡೆ ತೆಳ್ಳಗಿರುವುದರಿಂದ ಅಷ್ಟೇ ಪ್ರವಾಹ ಕೊಟ್ಟರೂ ಒಳಗೆ ಹೆಚ್ಚು ತಲುಪುತ್ತದೆ. ಮೂರ್ಛೆರೋಗ ಇರುವ ಮಕ್ಕಳನ್ನು, ತಲೆಯೊಳಗೆ ಲೋಹ ಹಾಕಿಸಿಕೊಂಡವರನ್ನು ಇಂಥ ಪ್ರಯೋಗಗಳಿಗೆ ಸೇರಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಪೆಟ್ಟಿಗೆ ತರಿಸಿ ಕಟ್ಟುವ ಕೆಲಸ ಇದಲ್ಲ.

ಇನ್ನು ನಮ್ಮ ಮಕ್ಕಳ ಓದಿನ ಸ್ಥಿತಿ ನೋಡಿ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಬೆಂಗಳೂರಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇವೆಲ್ಲ ಗಟ್ಟಿಯಾಗಲು ಸಾಮಾನ್ಯ ಮಕ್ಕಳಿಗೇ ನಾಲ್ಕನೆಯ ತರಗತಿಯವರೆಗೆ, ಅದಕ್ಕೂ ಮುಂದೆ ಕಾಲ ಹಿಡಿಯುತ್ತದೆ. ನಮ್ಮ ಮನೆಗಳ ಮಗುವಿಗೆ ಮನೆಯಲ್ಲಿ ದಖನಿ ಉರ್ದು, ಸಾಲಿಯಲ್ಲಿ ಕನ್ನಡ, ಮಕ್ತಬಿನಲ್ಲಿ ಬಲದಿಂದ ಎಡಕ್ಕೆ ಓಡುವ ಅಕ್ಷರ. ಅಲ್ಲಿ ಬೇ, ಪೇ, ತೇಗಳಿಗೆ ನುಕ್ತೆಯಷ್ಟೇ ಫರಕು. ಹೀಗಿರುವಾಗ ಹಿಂದೆ ಬಿದ್ದ ಪ್ರತಿ ಮಗುವಿಗೂ ಡಿಸ್ಲೆಕ್ಸಿಯಾ ಎನ್ನುವುದು ತಪ್ಪು. ಕನ್ನಡ ಹೊಸದಾದ್ದರಿಂದ ಎಡವುವ ಮಗು ಉರ್ದುವಿನಲ್ಲಿ ಸರಾಗವಾಗಿ ಓದೀತು. ನಿಜವಾದ ತೊಂದರೆಯಿರುವ ಮಗು ಎರಡೂ ಕಡೆ ಒದ್ದಾಡುತ್ತದೆ. ತನಗೆ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲೇ 'ಕಿತಾಬ್'ನಿಂದ ಮೊದಲ ದನಿ ತೆಗೆದರೆ ಏನು ಉಳಿಯಿತು ಎಂದು ಕೇಳಿದರೆ ತಡವರಿಸುತ್ತದೆ. ಮಕ್ತಬಿನ ಉಸ್ತಾದರೂ ಸಾಲಿಯ ಗುರುಗಳೂ ಒಂದು ದಿನ ಕೂಡಿ ಕೂತು ಮಾತಾಡಿದರೆ ಅರ್ಧ ಗೊಂದಲ ಹೋಗುತ್ತದೆ. ಇಷ್ಟು ವರ್ಷ ಯಾರೂ ಕೂತಿಲ್ಲ, ನಾನೂ ಕೂತಿಲ್ಲ.

ಪರೀಕ್ಷಿಸುವ ಸಾಧನ ಕನ್ನಡದಲ್ಲಿಯೇ ಇದೆ. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ 2015ರಲ್ಲಿ 'ಡಾಲಿ' ಎಂಬ ಪರೀಕ್ಷಾಸಂಚಯವನ್ನು ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್‌ಗಳಲ್ಲಿ ಹೊರತಂದಿತು. ಒಂದರಿಂದ ಐದನೆಯ ಇಯತ್ತೆಯ ಮಕ್ಕಳನ್ನು ಗುರುತಿಸಲು ಶಿಕ್ಷಕರಿಗೂ ಅದರಲ್ಲಿ ಸಾಧನವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಈ ಕಲಿಕಾ ನ್ಯೂನತೆಯೂ ಸೇರಿದೆ, 1995ರ ಕಾಯ್ದೆಯಲ್ಲಿ ಇರಲಿಲ್ಲ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. 'ಅಂಗವಿಕಲ' ಎಂಬ ಪದಕ್ಕೆ ಹೆದರಿ ಪಾಲಕರು ಹಿಂಜರಿಯುವುದನ್ನು ಕಂಡಿದ್ದೇನೆ. ಆ ಕಾಗದವಿಲ್ಲದೆ ನಪಾಸಾದ ಹುಡುಗರನ್ನೂ ಕಂಡಿದ್ದೇನೆ.

ಬಸ್ ನಿಲ್ದಾಣದ ಪ್ರಶ್ನೆಗೆ ಉತ್ತರ ಇದು, ಭಾಯಿ. ಈಗ ಕೊಡಿಸಬೇಡಿ. ಈ ವಿದ್ಯೆ ಸುಳ್ಳಲ್ಲ, ಇನ್ನೂ ಹಣ್ಣಾಗಿಲ್ಲ. ದೊಡ್ಡ ಆಸ್ಪತ್ರೆಯೊಂದು ನಿಯಮದಂತೆ, ಹಣ ಪಡೆಯದೆ, ನಿಮ್ಮ ಒಪ್ಪಿಗೆ ಬರೆಸಿಕೊಂಡು ಪ್ರಯೋಗಕ್ಕೆ ಕರೆದರೆ ಆಗ ಯೋಚಿಸೋಣ. ಕಬ್ಬಿನ ಬಿಲ್ಲಿನಲ್ಲಿ ಮೊದಲು ಹುಡುಗನ ಕಣ್ಣು, ಕಿವಿ ತೋರಿಸಿ, ಅದಕ್ಕೆ ಮೀರಜವೇ ಹತ್ತಿರ. ಆಮೇಲೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ ಮನಶ್ಶಾಸ್ತ್ರಜ್ಞರನ್ನು ಕಾಣೋಣ, ನಾನೂ ಬರುತ್ತೇನೆ. ಅಲ್ಲಿಯವರೆಗೆ ದಿನಕ್ಕೆ ಇಪ್ಪತ್ತು ನಿಮಿಷ ಅವನನ್ನು ನನ್ನ ಮನೆಗೆ ಕಳಿಸಿ. ಒಂದು ಅಕ್ಷರ, ಅದರ ದನಿ, ಬೆರಳಿನಿಂದ ಮರಳಿನ ಮೇಲೆ ಅದರ ರೂಪ, ಆಮೇಲೆ ಎರಡಕ್ಷರದ ಪದ. ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದಿಸುವುದಿಲ್ಲ. ಕೋಲು ನನ್ನ ಮನೆಯಲ್ಲಿಲ್ಲ.

ಬೇರೆ ಪಾಲಕರೂ ಜೊತೆಗೆ ಬರುವುದಾದರೆ ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ಮಗುವಿನ ಹಳೆಯ ನೋಟ್‌ಬುಕ್ಕುಗಳನ್ನು, ಕೆಂಪು ಶಾಯಿಯ ಗೀಟುಗಳಿದ್ದರೂ ಸರಿ, ಎಸೆಯದೆ ತನ್ನಿ. ವೈದ್ಯರು ಅವನ್ನೇ ಮೊದಲು ಕೇಳುತ್ತಾರೆ.