ಹೊಸ ಪ್ರೊಸೆಸರ್, ಹಳೆಯ ಮದರ್‌ಬೋರ್ಡ್

ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರ ನಂತರದ ಆವೃತ್ತಿಯಾದ ವಿಂಡೋಸ್ 11, ಇಂಟೆಲ್ ಕಂಪನಿಯ ಎಂಟನೆಯ ಪೀಳಿಗೆಗೂ ಎಎಂಡಿ ಕಂಪನಿಯ ರೈಜೆನ್ 2000 ಸರಣಿಗೂ ಹಿಂದಿನ ಬಹುತೇಕ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲವಾದ್ದರಿಂದ, 2017ರ ಆಸುಪಾಸಿನಲ್ಲಿ ಕೊಂಡು ಇಂದಿಗೂ ಗಟ್ಟಿಯಾಗಿಯೇ ಇರುವ ಡೆಸ್ಕ್‌ಟಾಪ್ ಕಂಪ್ಯೂಟರುಗಳ ಮಾಲೀಕರು ಇಡೀ ಯಂತ್ರವನ್ನು ಬದಲಿಸಬೇಕೋ, ಪ್ರೊಸೆಸರ್ ಒಂದನ್ನೇ ಬದಲಿಸಿದರೆ ಸಾಕೋ ಎಂದು ಲೆಕ್ಕ ಹಾಕುವಂತಾಯಿತು. ಬೆಂಗಳೂರಿನ ಪಶ್ಚಿಮಕ್ಕಿರುವ ಮಹಾಲಕ್ಷ್ಮಿ ಲೇಔಟ್‌ನಂತಹ ಬಡಾವಣೆಯಲ್ಲಿ, ತೆರಿಗೆ ಲೆಕ್ಕ ಬರೆಯುವವರ ಕಚೇರಿಗಳಿಗೆ, ಡಿಟಿಪಿ ಅಂಗಡಿಗಳಿಗೆ, ಮದುವೆಯ ಆಲ್ಬಮ್ ಸಿದ್ಧಪಡಿಸುವ ಸ್ಟುಡಿಯೋಗಳಿಗೆ, ಮಕ್ಕಳ ಓದಿಗೆಂದು ಯಂತ್ರವಿಟ್ಟುಕೊಂಡ ಮನೆಗಳಿಗೆ ಎರಡನೆಯ ದಾರಿಯೇ ಮಿತವ್ಯಯದ್ದಾಗಿ ಕಾಣುವುದು ಸಹಜ. ಮಹಾಲಕ್ಷ್ಮಿ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ, ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದ ಎಸ್.ಪಿ. ರೋಡ್ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಹೀಗೆ ತಂದು ಕೂರಿಸಿದ ಹೊಸ ಪ್ರೊಸೆಸರ್ ಮೊದಲ ಕೆಲವು ದಿನ ಚುರುಕಾಗಿ ಕೆಲಸ ಮಾಡಿ, ಆಮೇಲೆ ಯಂತ್ರವು ಇದ್ದಕ್ಕಿದ್ದಂತೆ ಆರಿಹೋಗುವುದು, ತಾನಾಗಿಯೇ ಮರುಚಾಲನೆಗೊಳ್ಳುವುದು, ನೀಲಿ ಅಥವಾ ಇತ್ತೀಚಿನ ಆವೃತ್ತಿಗಳಲ್ಲಿ ಕಪ್ಪು ಪರದೆ ತೋರಿಸಿ ನಿಂತುಬಿಡುವುದು ಆರಂಭವಾದರೆ, ಅದರ ಕಾರಣವನ್ನು ಹುಡುಕುವ ಕ್ರಮ ಯಾವುದೆಂಬುದೇ ಈ ಭಾಷಣದ ವಿಷಯ.

ಪ್ರೊಸೆಸರ್ ಎಂಬುದು ಯಂತ್ರದ ಸಮಸ್ತ ಗಣನೆಯನ್ನೂ ನಡೆಸುವ ಚಿಪ್ಪು. ಅದು ಮದರ್‌ಬೋರ್ಡ್ ಎಂಬ ಮುಖ್ಯ ಫಲಕದ ಮೇಲಿರುವ ಸಾಕೆಟ್ ಎಂಬ ಚೌಕಟ್ಟಿನಲ್ಲಿ ಕೂರುತ್ತದೆ. ಸಾಕೆಟ್‌ನಲ್ಲಿ ಸರಿಯಾಗಿ ಕುಳಿತ ಮಾತ್ರಕ್ಕೆ ಆ ಬೋರ್ಡ್ ಆ ಪ್ರೊಸೆಸರನ್ನು ನಡೆಸಬಲ್ಲದೆಂದು ಭಾವಿಸುವುದೇ ಹೆಚ್ಚಿನ ತೊಂದರೆಗಳ ಮೂಲ. ಇಂಟೆಲ್‌ನ ಆರು ಮತ್ತು ಏಳನೆಯ ಪೀಳಿಗೆಗೂ, ಎಂಟು ಮತ್ತು ಒಂಬತ್ತನೆಯ ಪೀಳಿಗೆಗೂ ಸಂಪರ್ಕಬಿಂದುಗಳ ಸಂಖ್ಯೆ 1151 ಆಗಿಯೇ ಇದ್ದರೂ, ಮೊದಲಿನವುಗಳಿಗಾಗಿ ಮಾಡಿದ ಬೋರ್ಡ್ ನಂತರದವುಗಳನ್ನು ನಡೆಸುವುದಿಲ್ಲ. ಎಎಂಡಿಯ ಎಎಂ4 ಸಾಕೆಟ್ಟಿನ ವಿಚಾರ ಇದಕ್ಕಿಂತ ಉದಾರವಾದದ್ದು: 2017ರಲ್ಲಿ ಬಂದ ಮೊದಲ ರೈಜೆನ್‌ಗಳಿಗೆಂದು ಕೊಂಡ ಅನೇಕ ಬೋರ್ಡ್‌ಗಳ ಮೇಲೆ ರೈಜೆನ್ 5000 ಸರಣಿಯ ಪ್ರೊಸೆಸರ್‌ಗಳನ್ನೂ ಕೂರಿಸಬಹುದೆಂದು ಆ ಕಂಪನಿ 2022ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು, ಆದರೆ ಬೋರ್ಡ್ ತಯಾರಕರು ಕೊಡುವ ಹೊಸ ಬಯಾಸ್ ಹಾಕಿಕೊಂಡ ಮೇಲೆ ಮಾತ್ರ. ಮಹಾಲಕ್ಷ್ಮಿ ಲೇಔಟ್‌ನ ಹಳೆಯ ಡೆಸ್ಕ್‌ಟಾಪ್‌ಗಳಿಗೆ ಪ್ರೊಸೆಸರ್ ಬದಲಾವಣೆಯಿಂದ ನಿಜವಾದ ಪ್ರಯೋಜನ ಸಿಗುವುದು ಬಹುಮಟ್ಟಿಗೆ ಈ ಎಎಂ4 ಯಂತ್ರಗಳಲ್ಲೇ.

ಬಯಾಸ್ ಎಂದರೆ, ವಿದ್ಯುತ್ ಹರಿದ ಕ್ಷಣದಲ್ಲಿ, ವಿಂಡೋಸ್ ತೆರೆದುಕೊಳ್ಳುವುದಕ್ಕೂ ಮುನ್ನ, ಪ್ರೊಸೆಸರನ್ನು ಗುರುತಿಸಿ ಅದಕ್ಕೆ ಎಷ್ಟು ವೋಲ್ಟೇಜ್, ಎಷ್ಟು ವೇಗ, ಎಷ್ಟು ಶಕ್ತಿಯ ಮಿತಿ ಎಂದು ಗೊತ್ತುಮಾಡುವ, ಬೋರ್ಡ್‌ನ ಒಂದು ಸಣ್ಣ ಚಿಪ್ಪಿನಲ್ಲಿ ಉಳಿದಿರುವ ತಂತ್ರಾಂಶ. ಹೊಸ ಪ್ರೊಸೆಸರ್ ಬಂದ ಮೇಲೂ ಹಳೆಯ ಬಯಾಸ್ ಉಳಿದಿದ್ದರೆ ಯಂತ್ರ ಒಂದೋ ಏಳುವುದೇ ಇಲ್ಲ, ಇಲ್ಲವೇ ಎದ್ದರೂ ಅರೆಬರೆ ಅರಿವಿನಲ್ಲಿ ನಡೆದು ಆಗಾಗ ಕುಸಿಯುತ್ತದೆ. ಆದ್ದರಿಂದ ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಬಯಾಸ್ ಪರಿಷ್ಕರಿಸಿಕೊಳ್ಳುವುದು ಸರಿಯಾದ ಕ್ರಮ. ಆ ಕೆಲವು ನಿಮಿಷಗಳಲ್ಲಿ ಕರೆಂಟ್ ಹೋದರೆ ಬೋರ್ಡ್ ನಿಷ್ಪ್ರಯೋಜಕವಾಗುವ ಸಂಭವವಿರುವ ಕಾರಣ, ಮಳೆಗಾಲದ ಸಂಜೆಗಳಲ್ಲಿ, ಯುಪಿಎಸ್ ಇಲ್ಲದೆ, ಈ ಕೆಲಸಕ್ಕೆ ಕೈ ಹಾಕಬಾರದು. ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ಗೂಢಲಿಪಿ ರಕ್ಷಣೆ ಇದ್ದಲ್ಲಿ ಅದರ ಮರುಪಡೆಯುವಿಕೆಯ ಕೀಲಿಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳುವುದೂ ಅಷ್ಟೇ ಮುಖ್ಯ, ಏಕೆಂದರೆ ರಕ್ಷಣೆಯ ಗುಟ್ಟು ಹಳೆಯ ಪ್ರೊಸೆಸರ್‌ನೊಳಗಿನ ಸುರಕ್ಷತಾ ಭಾಗಕ್ಕೆ ಬೆಸೆದುಕೊಂಡಿದ್ದರೆ, ಪ್ರೊಸೆಸರ್ ಹೋದಾಗ ಅದೂ ಕೈತಪ್ಪಬಹುದು.

ಇಷ್ಟಾದರೂ ಕುಸಿತ ನಿಲ್ಲದಿದ್ದರೆ ಸಾಕ್ಷ್ಯವನ್ನು ಓದಬೇಕಾಗುತ್ತದೆ. ವಿಂಡೋಸ್ ತನ್ನ ಆಗುಹೋಗುಗಳನ್ನು ಇವೆಂಟ್ ವ್ಯೂವರ್ ಎಂಬ ದಾಖಲೆಯಲ್ಲಿ ಬರೆದಿಡುತ್ತದೆ. ಅಲ್ಲಿ ಕರ್ನಲ್-ಪವರ್ 41 ಎಂಬ ನಮೂದು ಕಂಡ ಕೂಡಲೇ ವಿದ್ಯುತ್ ಘಟಕವೇ ಕೆಟ್ಟಿದೆಯೆಂದು ತೀರ್ಮಾನಿಸುವ ರೂಢಿ ಅಂಗಡಿಗಳಲ್ಲಿಯೂ ಇದೆ. ವಾಸ್ತವದಲ್ಲಿ ಆ ನಮೂದು ಯಂತ್ರ ಕ್ರಮಬದ್ಧವಾಗಿ ಮುಚ್ಚದೆ ಮತ್ತೆ ಎದ್ದಿತೆಂಬುದನ್ನು ಬಿಟ್ಟು ಬೇರೇನನ್ನೂ ಹೇಳುವುದಿಲ್ಲ. ಹೆಚ್ಚು ಬೆಲೆಯುಳ್ಳದ್ದು ವೀಯಾ-ಲಾಗರ್ ಹೆಸರಿನ ನಮೂದು. ಅದು ಯಂತ್ರಾಂಶವೇ ಒಪ್ಪಿಕೊಂಡ ದೋಷದ ವರದಿ. ಅದರಲ್ಲಿ ಪ್ರತಿ ಸಲವೂ ಒಂದೇ ಕೋರ್‌ನ ಗುರುತು, ಅಂದರೆ ಪ್ರೊಸೆಸರ್‌ನೊಳಗಿನ ಒಂದೇ ಗಣಕ ಘಟಕದ ಗುರುತು, ಮರುಕಳಿಸಿದರೆ ಆ ಕೋರ್ ಮೇಲೆ ಸಂಶಯ ಪಡುವುದಕ್ಕೆ ಆಧಾರ ಸಿಗುತ್ತದೆ, ಗುರುತು ಬದಲಾಗುತ್ತಲೇ ಇದ್ದರೆ ವಿದ್ಯುತ್ತು ಅಥವಾ ಮೆಮೊರಿಯ ಕಡೆಗೆ ಗಮನ ಹರಿಸಬೇಕಾಗುತ್ತದೆ.

ಪರದೆಯ ಮೇಲಿನ ಸಂದೇಶವನ್ನು ಅಕ್ಷರಶಃ ನಂಬಬಾರದೆಂಬುದಕ್ಕೆ ಈಚಿನ ದೊಡ್ಡ ನಿದರ್ಶನ ಇಂಟೆಲ್‌ನದೇ. ಅದರ 13 ಮತ್ತು 14ನೆಯ ಪೀಳಿಗೆಯ ಮೇಲ್ದರ್ಜೆಯ ಪ್ರೊಸೆಸರ್‌ಗಳು 12ನೆಯ ಪೀಳಿಗೆಯ ಬೋರ್ಡ್‌ಗಳ ಮೇಲೆಯೇ ಕೂರುತ್ತಿದ್ದುದರಿಂದ ಬಹಳ ಜನ ಪ್ರೊಸೆಸರ್ ಮಾತ್ರ ಬದಲಿಸಿಕೊಂಡರು. ಕೆಲವು ತಿಂಗಳ ಬಳಿಕ ಆಟಗಳು ನಡುವೆಯೇ ನಿಂತು, ಗ್ರಾಫಿಕ್ಸ್ ಕಾರ್ಡ್‌ನ ವಿಡಿಯೋ ಮೆಮೊರಿ ಸಾಲದು ಎಂಬ ಸಂದೇಶ ತೋರಿಸತೊಡಗಿದವು. ಕಾರ್ಡ್‌ನಲ್ಲಿ ಮೆಮೊರಿ ಸಾಕಷ್ಟಿತ್ತು. ಕುಗ್ಗಿಸಿಟ್ಟ ದತ್ತಾಂಶವನ್ನು ಬಿಡಿಸುವಾಗ ಪ್ರೊಸೆಸರ್ ತಪ್ಪು ಲೆಕ್ಕ ಮಾಡುತ್ತಿದ್ದು, ಆ ತಪ್ಪು ಮುಂದೆ ಹರಿದು ಬೇರೆಡೆ ಕಾಣಿಸಿಕೊಳ್ಳುತ್ತಿತ್ತು. 2024ರ ಜುಲೈನಲ್ಲಿ ಇಂಟೆಲ್, ಪ್ರೊಸೆಸರ್‌ನೊಳಗಿನ ಮೈಕ್ರೋಕೋಡ್ ಎಂಬ ಸೂಕ್ಷ್ಮ ಆದೇಶಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕೇಳುತ್ತಿವೆಯೆಂದು ಒಪ್ಪಿಕೊಂಡು, ಅದೇ ಸೆಪ್ಟೆಂಬರ್‌ನಲ್ಲಿ ಮೂಲಕಾರಣವನ್ನು ವಿವರಿಸಿತು: ಅಧಿಕ ವೋಲ್ಟೇಜ್ ಮತ್ತು ಶಾಖದಿಂದ ಕೋರ್‌ನೊಳಗಿನ ಕಾಲಸಂಕೇತದ ಮಂಡಲ ಬೇಗ ಸವೆದು, ಮೊದಲು ಸಾಕಾಗುತ್ತಿದ್ದ ಕನಿಷ್ಠ ವೋಲ್ಟೇಜ್ ನಂತರ ಸಾಕಾಗುತ್ತಿರಲಿಲ್ಲ. ಹೊಸ ಬಯಾಸ್ ಮುಂದಿನ ಸವೆತವನ್ನು ತಡೆಯಬಲ್ಲದೇ ಹೊರತು ಆಗಿಹೋದ ಸವೆತವನ್ನು ತುಂಬಿಕೊಡಲಾರದು. ಅದಕ್ಕಾಗಿ ಕಂಪನಿ ವಾರಂಟಿಯನ್ನು ಮೂರರಿಂದ ಐದು ವರ್ಷಕ್ಕೆ ಹಿಗ್ಗಿಸಿತು. 2008ರಲ್ಲಿ ಹೊರಬಂದ ಇಂಟೆಲ್‌ನ ಆರು ಕೋರ್‌ಗಳ ಜಿಯಾನ್ 7400 ಪ್ರೊಸೆಸರ್ ರೂಪುಗೊಂಡದ್ದು ಬೆಂಗಳೂರಿನಲ್ಲಿಯೇ ಎಂಬುದನ್ನು ನೆನೆದರೆ, ಇಂತಹ ವಿವರಣೆಗಳು ಈ ನಗರದ ಮನೆಮನೆಗೂ ಕನ್ನಡದಲ್ಲಿ ತಲುಪಬೇಕಾದದ್ದು ನ್ಯಾಯವೇ ಆಗಿದೆ.

ಆದರೆ ಪ್ರೊಸೆಸರ್ ತಾನೇ ದೋಷಯುಕ್ತವಾಗಿರುವುದು ಅಪರೂಪ. ಹೆಚ್ಚಾಗಿ ಅದು ಸುತ್ತಲಿನ ಹಳೆಯ ಭಾಗಗಳಿಂದ ಹಿಂದೆಂದೂ ಕೇಳದಷ್ಟನ್ನು ಕೇಳತೊಡಗಿರುತ್ತದೆ. ಮೂವತ್ತು ನಲವತ್ತರ ನಿವೇಶನದ ಹಳೆಯ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸುವವರು ಮೊದಲು ತಳಪಾಯವನ್ನು ಪರೀಕ್ಷಿಸುವಂತೆ, ಇಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ವಿದ್ಯುತ್ತಿನ ದಾರಿಯನ್ನು. ಎಎಂ4 ಪ್ರೊಸೆಸರ್ ಮೇಲೆ 65 ವ್ಯಾಟ್ ಎಂದು ಬರೆದಿದ್ದರೆ ಅದು ಸಾಕೆಟ್ಟಿನಿಂದ 88 ವ್ಯಾಟ್‌ವರೆಗೆ, 105 ಎಂದು ಬರೆದಿದ್ದರೆ 142 ವ್ಯಾಟ್‌ವರೆಗೆ ಎಳೆದುಕೊಳ್ಳುವ ಅನುಮತಿ ಪಡೆದಿರುತ್ತದೆ. ಗೋಡೆಯ 230 ವೋಲ್ಟ್ ವಿದ್ಯುತ್ತನ್ನು ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ 12 ವೋಲ್ಟ್‌ಗೆ ಇಳಿಸಿದರೆ, ಸಾಕೆಟ್ಟಿನ ಪಕ್ಕದಲ್ಲಿರುವ ವಿಆರ್‌ಎಂ ಎಂಬ ವೋಲ್ಟೇಜ್ ನಿಯಂತ್ರಕ ಅದನ್ನು 1.2 ವೋಲ್ಟ್‌ನ ಆಸುಪಾಸಿಗೆ ಇಳಿಸುತ್ತದೆ. ಆ ಮಟ್ಟದಲ್ಲಿ 120 ವ್ಯಾಟ್ ಒದಗಿಸಬೇಕಾದರೆ ಹರಿಯಬೇಕಾದ ಪ್ರವಾಹ 100 ಆಂಪಿಯರ್. ಕಡಿಮೆ ಬೆಲೆಯ ಹಲವು ಬೋರ್ಡ್‌ಗಳಲ್ಲಿ ಈ ವಿಆರ್‌ಎಂ ಮೇಲೆ ಶಾಖ ಹೀರುವ ಲೋಹದ ತುಂಡೂ ಇರುವುದಿಲ್ಲ. ದೀರ್ಘ ವಿಡಿಯೋ ಸಂಸ್ಕರಣೆಯಂತಹ ಭಾರ ಬಿದ್ದಾಗಲೇ ಯಂತ್ರ ಸಂದೇಶವಿಲ್ಲದೆ ಆರಿಹೋಗುತ್ತಿದ್ದರೆ ಸಂಶಯ ಮೊದಲು ಇಲ್ಲಿಗೆ, ಎಸ್‌ಎಂಪಿಎಸ್‌ಗೆ ಮತ್ತು ಬೋರ್ಡ್‌ನ ಮೂಲೆಯಲ್ಲಿ ಸಡಿಲವಾಗಿ ಸಿಕ್ಕಿಸಿದ ನಾಲ್ಕು ಅಥವಾ ಎಂಟು ಪಿನ್ನಿನ ಪ್ರೊಸೆಸರ್ ವಿದ್ಯುತ್ ತಂತಿಗೆ ಹೋಗಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಯಂತ್ರ ಸುಮ್ಮನೆ ಕುಳಿತಿರುವಾಗಲೇ ಕುಸಿಯುವುದೂ ಉಂಟು: ಹೊಸ ಪ್ರೊಸೆಸರ್ ಬಿಡುವಿನಲ್ಲಿ ತೀರಾ ಕಡಿಮೆ ಪ್ರವಾಹ ಎಳೆಯುವುದರಿಂದ ಕೆಲವು ಹಳೆಯ ಎಸ್‌ಎಂಪಿಎಸ್‌ಗಳು ಅಷ್ಟು ಅಲ್ಪ ಭಾರವನ್ನು ಸ್ಥಿರವಾಗಿ ನಿಭಾಯಿಸಲಾರವು, ಅದಕ್ಕೆಂದೇ ರೈಜೆನ್ ಬೋರ್ಡ್‌ಗಳ ಬಯಾಸ್‌ನಲ್ಲಿ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಎಂಬ ಆಯ್ಕೆಯನ್ನು ಇಟ್ಟಿರುತ್ತಾರೆ.

ಬೆಸ್ಕಾಂ ವಿದ್ಯುತ್ ಹೋದ ಗಳಿಗೆಯಲ್ಲಿ ಮಾತ್ರ ಯಂತ್ರ ಆರುತ್ತಿದ್ದರೆ ದೋಷವನ್ನು ಯುಪಿಎಸ್‌ನಲ್ಲಿ ಹುಡುಕಬೇಕು. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್. ಬ್ಯಾಟರಿ ಹಳತಾಗಿದ್ದರೆ ಅಷ್ಟೂ ಇಲ್ಲ. ಹಿಂದಿನ ಪ್ರೊಸೆಸರ್‌ಗೆ ಸಾಕಾಗಿದ್ದ ಅದು, ಗ್ರಾಫಿಕ್ಸ್ ಕಾರ್ಡ್ ಕೂಡ ಇರುವ ಯಂತ್ರದಲ್ಲಿ ಹೊಸ ಪ್ರೊಸೆಸರ್‌ನ ಭಾರ ಸೇರಿದಾಗ ಕೈಬಿಡುವುದರಲ್ಲಿ ಆಶ್ಚರ್ಯವಿಲ್ಲ.

ಶಾಖದ ವಿಚಾರ ಬೇಗ ಪರಿಶೀಲಿಸಬಹುದಾದದ್ದು. ಹೊಸ ಥರ್ಮಲ್ ಪೇಸ್ಟ್ ಹಚ್ಚಲಾಗಿದೆಯೇ, ಹೀಟ್‌ಸಿಂಕ್‌ನ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಉಳಿದಿದೆಯೇ, ಫ್ಯಾನ್ ತಿರುಗುತ್ತಿದೆಯೇ ಎಂದು ನೋಡಿದರೆ ಆಯಿತು. 2024ರ ಏಪ್ರಿಲ್‌ನಂತೆ ನಗರದ ತಾಪಮಾನ 38 ಡಿಗ್ರಿ ದಾಟುವ ದಿನಗಳಲ್ಲಿ ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್‌ಗೆ ಗಾಳಿ ಸಾಲದೆಂಬುದನ್ನೂ ಮರೆಯಬಾರದು. ಆದರೂ ಆಧುನಿಕ ಪ್ರೊಸೆಸರ್ ಕಾದಾಗ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆಯಾದ್ದರಿಂದ, ಶಾಖದಿಂದ ನಿಧಾನವಾಗುವ ಯಂತ್ರಗಳಿಗಿಂತ ಶಾಖವೊಂದರಿಂದಲೇ ಕುಸಿಯುವ ಯಂತ್ರಗಳು ಕಡಿಮೆ.

ಮೆಮೊರಿಯ ಸಂಗತಿ ಇದಕ್ಕಿಂತ ಸೂಕ್ಷ್ಮ. ರ‍್ಯಾಮ್ ಪಟ್ಟಿಗಳನ್ನು ಯಾರೂ ಮುಟ್ಟಿಲ್ಲವಾದರೂ, ಅವುಗಳನ್ನು ನಡೆಸುವ ಮೆಮೊರಿ ನಿಯಂತ್ರಕ ಈಗಿನ ಯಂತ್ರಗಳಲ್ಲಿ ಪ್ರೊಸೆಸರ್‌ನೊಳಗೇ ಇರುವುದರಿಂದ, ಪ್ರೊಸೆಸರ್ ಬದಲಾದಾಗ ನಿಯಂತ್ರಕವೂ ಬದಲಾಗಿರುತ್ತದೆ. ಎಕ್ಸ್‌ಎಂಪಿ ಎಂಬ ವೇಗದ ಸಂಯೋಜನೆಯಲ್ಲಿ ಮೊದಲು ಸರಾಗವಾಗಿ ನಡೆಯುತ್ತಿದ್ದ ಪಟ್ಟಿಗಳು ಈಗ ತಪ್ಪಬಹುದು. ಆ ಸಂಯೋಜನೆ ತೆಗೆದು 2133 ಅಥವಾ 2400ರ ಮೂಲವೇಗದಲ್ಲಿ ಕೆಲವು ದಿನ ನಡೆಸಿ ನೋಡುವುದು ಖರ್ಚಿಲ್ಲದ, ಆದರೆ ಬಹಳ ತಿಳಿಸುವ ಪರೀಕ್ಷೆ. ಅರ್ಧ ಮೆಮೊರಿಯೇ ಕಾಣದಿದ್ದರೆ ಪಿನ್ನುಗಳನ್ನು ನೋಡಬೇಕು, ಏಕೆಂದರೆ ಎಎಂ4 ಯಂತ್ರಗಳಲ್ಲಿ ಒಣಗಿದ ಪೇಸ್ಟ್‌ಗೆ ಅಂಟಿಕೊಂಡ ಪ್ರೊಸೆಸರ್ ಹೀಟ್‌ಸಿಂಕ್‌ನ ಜೊತೆಗೇ ಕಿತ್ತುಬಂದು ಪಿನ್ನು ಬಾಗುವುದು ಸಾಮಾನ್ಯ.

ಈ ಎಲ್ಲ ಪರೀಕ್ಷೆಗಳಿಗೂ ಒಂದೇ ಶಿಸ್ತು ಅನ್ವಯಿಸುತ್ತದೆ: ಮೊದಲು ಬಯಾಸನ್ನು ಮೂಲಸ್ಥಿತಿಗೆ ತಂದು, ಆಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಮುಂದಿನ ಕುಸಿತದವರೆಗೆ ಕಾದು, ಫಲಿತಾಂಶವನ್ನು ಬರೆದಿಡುವುದು. ಎಸ್‌ಎಂಪಿಎಸ್, ರ‍್ಯಾಮ್, ವಿಂಡೋಸ್ ಮೂರನ್ನೂ ಒಂದೇ ದಿನ ಬದಲಿಸಿದರೆ ಯಂತ್ರ ಸರಿಹೋದರೂ ಕೆಟ್ಟದ್ದು ಯಾವುದೆಂದು ಗೊತ್ತಾಗುವುದಿಲ್ಲ, ಮತ್ತು ಹಣ ಮೂರು ಕಡೆ ಹೋಗಿರುತ್ತದೆ. ಹಳೆಯ ಪ್ರೊಸೆಸರನ್ನು ಮಾರಿಬಿಡುವ ಆತುರ ಸಲ್ಲದು. ಅದನ್ನು ಮರಳಿ ಕೂರಿಸಿದ ಮೇಲೂ ಕುಸಿತ ಮುಂದುವರಿದರೆ ಹೊಸ ಪ್ರೊಸೆಸರ್ ಮೇಲಿನ ಸಂಶಯ ಬಹುಮಟ್ಟಿಗೆ ದೂರವಾಗುತ್ತದೆ. ಕುಸಿತ ನಿಂತರೆ, ಹೊಸದನ್ನು ಹೆಚ್ಚು ಸಾಮರ್ಥ್ಯದ ಬೋರ್ಡ್ ಒಂದರ ಮೇಲೆ ಕೂರಿಸಿ ನೋಡಿ, ಅಲ್ಲಿಯೂ ತಪ್ಪಿದರೆ ವಾರಂಟಿ ಕೇಳಬೇಕು. ಪೆಟ್ಟಿಗೆಯೊಡನೆ ಕೊಂಡ ಪ್ರೊಸೆಸರ್‌ಗೆ ತಯಾರಕರೇ ಹೊಣೆ, ಪೆಟ್ಟಿಗೆಯಿಲ್ಲದೆ ಟ್ರೇ ಎಂದು ಮಾರುವುದಕ್ಕೆ ಸಾಮಾನ್ಯವಾಗಿ ಅಂಗಡಿಯವರೇ ಹೊಣೆ ಎಂಬ ವ್ಯತ್ಯಾಸವನ್ನು ಕೊಳ್ಳುವಾಗಲೇ ವಿಚಾರಿಸಿ ಬಿಲ್ಲಿನಲ್ಲಿ ಬರೆಸಿಕೊಂಡಿರಬೇಕು. ಆ ಬಿಲ್ಲಿನ ಜೊತೆಗೆ, ಕುಸಿತಗಳ ದಿನ, ಹೊತ್ತು, ಆಗ ನಡೆಯುತ್ತಿದ್ದ ಕೆಲಸ, ದಾಖಲೆಯಲ್ಲಿ ಕಂಡ ಕೋರ್ ಗುರುತು ಇವನ್ನೆಲ್ಲ ಬರೆದ ಒಂದು ಹಾಳೆಯನ್ನೂ ಒಯ್ದರೆ, ಅಂಗಡಿಯವರಿಗೆ ಅದೇ ದೋಷವನ್ನು ತಮ್ಮ ಮೇಜಿನ ಮೇಲೆ ಮತ್ತೆ ಮೂಡಿಸಿ ನೋಡಲು ಸಾಧ್ಯವಾಗುತ್ತದೆ.