ಕಲ್ಲುಗಣಿಯ ಮಳೆನೀರೂ ನಮ್ಮ ಕೆರೆಯೂ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೇಸಗೆಯಲ್ಲಿ ಕೆರೆ ಬತ್ತಿದಾಗ ಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವುದು ಹಿರಿಯರಿಂದ ಬಂದ ಪದ್ಧತಿ. ಆ ಗೋಡಿನಲ್ಲಿ ಸೊಪ್ಪು, ಸಗಣಿ, ಹೊಲದ ಮೇಲ್ಮಣ್ಣು ಎಲ್ಲವೂ ಬೆರೆತಿರುತ್ತವೆ. ಅದು ಬೆಳೆಗೆ ಗೊಬ್ಬರ. ಆದರೆ ಕಲ್ಲುಗಣಿಯಿಂದ ಹರಿದುಬರುವ ಹೂಳು ಬೇರೆ ಜಾತಿಯದು. ಅದು ಬರಿಯ ಕಲ್ಲಿನ ಹಿಟ್ಟು, ಅದರಲ್ಲಿ ಸತ್ತ್ವವಿಲ್ಲ. ಹೊಲದ ಮೇಲೆ ನಿಂತು ಒಣಗಿದರೆ ಹಪ್ಪಳದಂತೆ ಗಟ್ಟಿಯಾಗಿ ಮೊಳಕೆ ಏಳಲು ಬಿಡುವುದಿಲ್ಲ. ಕೆರೆಯ ತಳದಲ್ಲಿ ಕುಳಿತರೆ ನೀರಿನ ಜಾಗವನ್ನು ಕಬಳಿಸುತ್ತದೆ.

ಕಲ್ಲು ಬೇಡವೆಂದು ನಾನು ಹೇಳುವುದಿಲ್ಲ. ನಮ್ಮ ಮನೆಯ ತಳಪಾಯ, ದೇವಸ್ಥಾನದ ಕಂಬ, ಕೆರೆ ಏರಿಯ ಕಲ್ಲುಕಟ್ಟು ಎಲ್ಲವೂ ಗಣಿಯಿಂದಲೇ ಬಂದವು. 1809ರಲ್ಲಿ ದಂಡು ನೆಲೆಸಿದ ಮೇಲೆ ಹಲಸೂರಿನ ಸುತ್ತ ಬೆಳೆದ ಊರಿಗೂ ಕಲ್ಲು ಬೇಕಾಯಿತು. ಹಿಂದೆ ಬೆಂಗಳೂರಿನ ಕಡೆ ಬಂಡೆಯ ಮೇಲೆ ಸೌದೆ ಉರಿಸಿ, ಬಂಡೆ ಪದರ ಬಿಡುವಂತೆ ಮಾಡಿ ಚಪ್ಪಡಿ ಎಬ್ಬಿಸುತ್ತಿದ್ದರು. ಅದರಲ್ಲಿ ಧೂಳು ಕಡಮೆ. ಈಗ ಮದ್ದು ಸಿಡಿಸಿ, ಯಂತ್ರದಲ್ಲಿ ಜಲ್ಲಿ ಮಾಡುವುದರಿಂದ ಹಿಟ್ಟು ರಾಶಿರಾಶಿಯಾಗಿ ಬೀಳುತ್ತದೆ. ಮಳೆ ಬಂದಾಗ ಅದಕ್ಕೆ ಕಾಲು ಬರುತ್ತದೆ.

ಎಷ್ಟು ನೀರು ಹರಿಯುತ್ತದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರು ನೀರಾಗುತ್ತದೆ. ಉತ್ತ ಹೊಲವಾದರೆ ಬಹುಭಾಗವನ್ನು ಕುಡಿಯುತ್ತದೆ. ಬರಿಯ ಬಂಡೆ ಕುಡಿಯುವುದೇ ಇಲ್ಲ. 5 ಎಕರೆ ಗಣಿಯಿಂದ ಒಂದೇ ಮಳೆಗೆ 5 ಲಕ್ಷ ಲೀಟರು ನೀರು, ದಾರಿಯಲ್ಲಿದ್ದ ಹಿಟ್ಟನ್ನೆಲ್ಲ ಹೊತ್ತು, ರಾಜಕಾಲುವೆಗೆ ಇಳಿಯಬಹುದು.

ನಮ್ಮ ಸೀಮೆಯ ಕೆರೆಗಳು ಒಂಟಿಯಾಗಿಲ್ಲ. ಹೆಬ್ಬಾಳ, ನಾಗವಾರದ ಕಡೆಯ ನೀರು ಕಲ್ಕೆರೆ, ರಾಂಪುರಗಳನ್ನು ಹಾಯ್ದು, ಕೃಷ್ಣರಾಜಪುರದ ಆಚೆಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಸೇರಿ, ಮುಂದೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಎಲೆ ವ್ಯಾಪಾರ ಮಾಡಿ ಗಳಿಸಿದ ಹಣವನ್ನು ಶೆಟ್ಟರು ಆ ಕೆರೆಗೆ ಹಾಕಿದರೆಂದು ಜನ ಇಂದಿಗೂ ನೆನೆಯುತ್ತಾರೆ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಬಾಯಿ. ಆದ್ದರಿಂದ ಮೇಲೆ ಬಿಟ್ಟ ಹೂಳು ಕೆಳಗಿನ ಊರಿಗೂ ತೊಂದರೆ.

ಕೆರೆಗೆ ಬಂದ ಮೇಲೆ ತೆಗೆಯೋಣವೆಂದರೆ ಖರ್ಚು ಬಹಳ. ಗಣಿಯಲ್ಲೇ ತಡೆಯುವುದು ಸುಲಭ. ಅದಕ್ಕೆ ಮೂರು ಕೆಲಸಗಳಿವೆ.

ಮೊದಲನೆಯದು, ಶುದ್ಧವಾದ ನೀರು ಗಣಿಯೊಳಗೆ ನುಗ್ಗದಂತೆ ಮಾಡುವುದು. ಗಣಿಯ ಮೇಲ್ಭಾಗದಲ್ಲಿ ಮಾಲೆಯಂತೆ ಸುತ್ತಲೂ ಕಾಲುವೆ ತೆಗೆದರೆ ದಿಣ್ಣೆಯ ನೀರು ಹಿಟ್ಟನ್ನು ಮುಟ್ಟದೆ ಪಕ್ಕಕ್ಕೆ ಸಾಗುತ್ತದೆ. ಕಾಲುವೆ ಇಳಿಜಾರಿನಲ್ಲಿ ಕೊರೆಯದಂತೆ ಅಲ್ಲಲ್ಲಿ ಕಲ್ಲಿನ ತಡೆ ಹಾಕಬೇಕು.

ಎರಡನೆಯದು, ತೆಗೆದ ಮಣ್ಣಿನ ಗುಡ್ಡೆಯನ್ನೂ ಹಿಟ್ಟಿನ ರಾಶಿಯನ್ನೂ ಕಾಲುವೆಯ ದಡದಲ್ಲಿ ಸುರಿಯದಿರುವುದು. ಗುಡ್ಡೆಯ ಬುಡಕ್ಕೆ ಒಣಕಲ್ಲಿನ ಗೋಡೆ ಇರಲಿ. ಮೈಮೇಲೆ ಲಾವಂಚ, ಕತ್ತಾಳೆ, ಹೊಂಗೆ ಹಾಕಿದರೆ ಬೇರು ಮಣ್ಣನ್ನು ಹಿಡಿಯುತ್ತದೆ.

ಮೂರನೆಯದೇ ಮುಖ್ಯ. ಗಣಿಯ ಕೊಳೆನೀರನ್ನು ನಿಲ್ಲಿಸಿ ಹೂಳು ಇಳಿಸುವ ಗುಂಡಿ ಬೇಕು. 100 ಅಡಿ ಉದ್ದ, 60 ಅಡಿ ಅಗಲ, 3 ಅಡಿ ಆಳದ ಗುಂಡಿಯಲ್ಲಿ ಸುಮಾರು 5 ಲಕ್ಷ ಲೀಟರು ಹಿಡಿಸುತ್ತದೆ. ಅಂದರೆ ಆಗ ಹೇಳಿದ ಒಂದು ಮಳೆಯ ನೀರು. ನೀರು ಒಂದು ತುದಿಯಲ್ಲಿ ಬಂದು, ಇನ್ನೊಂದು ತುದಿಯಲ್ಲಿ ಮೇಲಿನ ತಿಳಿ ಮಾತ್ರ ಕಲ್ಲಿನ ಹೊಸ್ತಿಲು ದಾಟಿ ಹೋಗಬೇಕು. ನಡುವೆ ಅಡ್ಡಗೋಡೆ ಹಾಕಿ ಎರಡು ಅಂಕಣ ಮಾಡಿದರೆ ಮೊದಲನೆಯದರಲ್ಲಿ ಮರಳು ಕೂರುತ್ತದೆ, ಎರಡನೆಯದರಲ್ಲಿ ನಯವಾದದ್ದು. ಅರ್ಧ ತುಂಬುವುದರೊಳಗೆ ಹೂಳು ತೆಗೆಸಬೇಕು. ತುಂಬಿದ ಗುಂಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನೀರು ಏಕೆ ನಿಲ್ಲಬೇಕೆಂದು ಕೇಳುವಿರಿ. ನಿಂತ ನೀರಿನಲ್ಲಿ ಸಣ್ಣ ಮರಳು ಮೂರು ಅಡಿ ಇಳಿಯಲು ಸುಮಾರು 2 ನಿಮಿಷ ಸಾಕು. ಅದರ ಹತ್ತನೆಯ ಒಂದರಷ್ಟು ಸಣ್ಣ ಕಣಕ್ಕೆ ಸುಮಾರು 3 ಗಂಟೆ ಬೇಕು. ನೂರನೆಯ ಒಂದರಷ್ಟಿದ್ದರೆ ಹತ್ತು ದಿನಕ್ಕೂ ಹೆಚ್ಚು. ಆದ್ದರಿಂದ ಗುಂಡಿ ಎಲ್ಲವನ್ನೂ ಹಿಡಿಯುವುದಿಲ್ಲ. ಹಿಟ್ಟು ನೀರಿಗೆ ಬೀಳದಂತೆ ಮೊದಲೇ ಕಾಯುವುದು ಅದಕ್ಕಾಗಿಯೇ.

ಇದನ್ನು ನೀವೇ ಪರೀಕ್ಷಿಸಬಹುದು. ಮಳೆಯ ದಿನ ಗಣಿಯ ಮೇಲುಗಡೆ ಒಂದು, ಕೆಳಗಡೆ ಒಂದು, ಹೀಗೆ ಎರಡು ಗಾಜಿನ ಸೀಸೆಗಳಲ್ಲಿ ಕಾಲುವೆಯ ನೀರು ಹಿಡಿದು, ತಾರೀಖು ಬರೆದು ಅಲುಗಿಸದೆ ಇಡಿ. ಮರುದಿನ ತಳದಲ್ಲಿ ಕುಳಿತ ಹೂಳನ್ನು ಹೋಲಿಸಿ. ಪಂಚಾಯತಿಯ ಮುಂದೆ ನೂರು ಮಾತಿಗಿಂತ ಆ ಎರಡು ಸೀಸೆಗಳು ಮೇಲು.

ಕಾನೂನೂ ನಿಮ್ಮ ಕಡೆಗಿದೆ. 5 ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. ಆ ಅನುಮತಿಯ ಷರತ್ತುಗಳ ಪ್ರತಿಯನ್ನು ಕೇಳಿ ಪಡೆಯಿರಿ. ಸುತ್ತುಕಾಲುವೆ, ಹೂಳುಗುಂಡಿಗಳ ಮಾತು ಅದರಲ್ಲಿದೆಯೇ ಎಂದು ಓದಿಸಿ, ಸ್ಥಳದಲ್ಲಿ ಇವೆಯೇ ಎಂದು ನೋಡಿ ಬನ್ನಿ. ಗಣಿಯವರೊಡನೆ ಜಗಳಕ್ಕೆ ಹೋಗಬೇಡಿ. ಅಲ್ಲಿ ಕೂಲಿ ಮಾಡುವವರೂ ನಮ್ಮವರೇ. ಕಂಡದ್ದನ್ನು ಗ್ರಾಮಸಭೆಯಲ್ಲಿ ಬರೆಸಿ, ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳುಹಿಸಿ.

ಗಣಿ ನಿಂತ ಮೇಲೆ ಹಳ್ಳದ ಗತಿಯೇನೆಂಬುದನ್ನೂ ಮೊದಲೇ ಕೇಳಿರಿ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಹಳೆಯ ಗಣಿಹಳ್ಳಗಳಿಗೆ ಪಟ್ಟಣದ ಕಸ ಬಂದು ಬಿದ್ದಿತು. ಯಾರೂ ಕೇಳದ ಹಳ್ಳಕ್ಕೆ ಯಾರು ಬೇಕಾದರೂ ಒಡೆಯರಾಗುತ್ತಾರೆ. ಬೇಲಿ ಹಾಕಿ, ದಡ ಮಟ್ಟಮಾಡಿ ಮಳೆನೀರು ಕೂಡಿಟ್ಟರೆ ಅದೇ ಹಳ್ಳ ಊರಿಗೆ ಉಪಯೋಗಕ್ಕೆ ಬರುತ್ತದೆ.

ಮುಂಗಾರಿಗೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು, ಹತ್ತು ಮಂದಿ ಕೂಡಿ, ಕೆರೆಯಿಂದ ಗಣಿಯವರೆಗೆ ಕಾಲುವೆಯ ಜಾಡು ಹಿಡಿದು ನಡೆಯಿರಿ. ಎಲ್ಲಿ ಒಡೆದಿದೆ, ಎಲ್ಲಿ ತುಂಬಿದೆ, ಎಲ್ಲಿ ಗುಡ್ಡೆ ಜಾರಿದೆ ಎಂದು ಗುರುತುಮಾಡಿ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಗೆ ತರಬೇಕೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.