ಹತ್ತು ಡಾಲರ್ ನೋಟಿನ ಮೇಲಿದ್ದ ಕೈದಿ

ಫೋರ್ಜರಿ ಮಾಡಿ ಸಿಕ್ಕಿಬಿದ್ದವನ ಮುಖವನ್ನು ಯಾವ ದೇಶವಾದ್ರೂ ತನ್ನ ನೋಟಿನ ಮೇಲೆ ಹಾಕುತ್ತಾ? ಆಸ್ಟ್ರೇಲಿಯಾ ಹಾಕಿತ್ತು. 1966ರಲ್ಲಿ ಬಂದ ಹತ್ತು ಡಾಲರ್ ನೋಟಿನಲ್ಲಿ ಇದ್ದವನು ಫ್ರಾನ್ಸಿಸ್ ಗ್ರೀನ್‌ವೇ.

ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯ ಆರ್ಕಿಟೆಕ್ಟ್ ಈತ. ವ್ಯವಹಾರ ಕೈಕೊಟ್ಟು ದಿವಾಳಿಯಾದ. ಕಟ್ಟಡದ ಒಪ್ಪಂದದ ಕಾಗದವೊಂದನ್ನು ತಿದ್ದಿದ ಕೇಸಿನಲ್ಲಿ 1812ರಲ್ಲಿ ತಪ್ಪೊಪ್ಪಿಕೊಂಡ. ಶಿಕ್ಷೆ ಏನು ಗೊತ್ತಾ? ಗಲ್ಲು. ಕೊಲೆಗಲ್ಲ, ಒಂದು ಕಾಗದಕ್ಕೆ. ಆಮೇಲೆ ಅದನ್ನು 14 ವರ್ಷದ ಗಡೀಪಾರಿಗೆ ಇಳಿಸಿದರು. 1814ರ ಫೆಬ್ರವರಿಯಲ್ಲಿ ‘ಜನರಲ್ ಹೆವಿಟ್’ ಹಡಗು ಅವನನ್ನು ಸಿಡ್ನಿಗೆ ತಂದಿಳಿಸಿತು. ಹೆಂಡತಿ ಮಕ್ಕಳು ಅದೇ ವರ್ಷ ಇನ್ನೊಂದು ಹಡಗಿನಲ್ಲಿ ಬಂದರು.

ಅಲ್ಲಿನ ಗವರ್ನರ್ ಲಾಕ್ಲನ್ ಮ್ಯಾಕ್ವಾರಿ. ಇವನಿಗೆ ಪುಸ್ತಕವೊಂದರ ಕಟ್ಟಡದ ವಿನ್ಯಾಸ ಕೊಟ್ಟು, ಇದನ್ನು ಕಾಪಿ ಮಾಡಿಕೊಡು ಅಂದರು. ಕೈದಿಯ ಧಿಮಾಕು ನೋಡಿ! ನಕಲು ಮಾಡೋದು ತನ್ನ ಘನತೆಗೆ ತಕ್ಕದ್ದಲ್ಲ ಅನ್ನೋ ಧಾಟಿಯಲ್ಲಿ ಪತ್ರ ಬರೆದ. ಬಂದಿದ್ದೇ ಫೋರ್ಜರಿ ಕೇಸಿನಲ್ಲಿ, ಸ್ವಾಮಿ! ಬೇರೆ ಗವರ್ನರ್ ಆಗಿದ್ದಿದ್ರೆ ಬೆನ್ನಿಗೆ ಚಾಟಿ ಬೀಳ್ತಿತ್ತೇನೋ. ಮ್ಯಾಕ್ವಾರಿ 1816ರಲ್ಲಿ ಅವನನ್ನೇ ಸರ್ಕಾರಿ ಆರ್ಕಿಟೆಕ್ಟ್ ಮಾಡಿದರು. ಸಂಬಳ ದಿನಕ್ಕೆ 3 ಶಿಲ್ಲಿಂಗ್.

ಮೊದಲ ದೊಡ್ಡ ಕೆಲಸ ಬಂದರಿನ ಬಾಯಲ್ಲಿ ದೀಪಸ್ತಂಭ. ಈ ಕಲ್ಲು ಮೆದು, ತಡೆಯಲ್ಲ ಅಂತ ಗ್ರೀನ್‌ವೇ ಮೊದಲೇ ಹೇಳಿದ್ದ. ಕೆಲವೇ ವರ್ಷದಲ್ಲಿ ಕಲ್ಲು ಉದುರೋಕೆ ಶುರುವಾಯ್ತು, ಕಬ್ಬಿಣದ ಪಟ್ಟಿ ಬಿಗಿದರು. ಇಂಜಿನಿಯರಿಂಗ್ ಓದಿದ ಯಾರಿಗೇ ಆಗಲಿ ಈ ಕಥೆ ಹೊಸದಲ್ಲ ಬಿಡಿ.

ನನ್ನನ್ನು ಹೆಚ್ಚು ಕಾಡೋದು ಹೈಡ್ ಪಾರ್ಕ್ ಬ್ಯಾರಕ್ಸ್. ಅದುವರೆಗೂ ಸಿಡ್ನಿಯ ಎಷ್ಟೋ ಕೈದಿಗಳು ಊರಿನಲ್ಲೇ ಬಾಡಿಗೆಗಿದ್ದರು. ಸರ್ಕಾರಿ ಕೆಲಸ ಮುಗಿದ ಮೇಲೆ ನಾಲ್ಕು ಕಾಸು ದುಡಿದುಕೊಳ್ತಿದ್ದರು. ಅವರನ್ನು ರಾತ್ರಿ ಗೋಡೆಯೊಳಗೆ ಹಾಕೋಕೆ 600 ಜನರ ಕಟ್ಟಡ. ವಿನ್ಯಾಸ ಕೈದಿಯದು, ಇಟ್ಟಿಗೆ ಹೊತ್ತವರೂ ಕೈದಿಗಳೇ. 1819ರಲ್ಲಿ ಅದು ತೆರೆದಾಗ ಗ್ರೀನ್‌ವೇಗೆ ಪೂರ್ಣ ಕ್ಷಮಾದಾನ ಸಿಕ್ಕಿತು. ಒಬ್ಬನಿಗೆ ಬಿಡುಗಡೆ, ಉಳಿದವರಿಗೆ ಬೀಗ! ಹಾಗಾಗಿ ಇದನ್ನು ಬರೀ ಸಾಧನೆಯ ಕಥೆ ಮಾಡಿ ಹೇಳೋಕೆ ನನಗೆ ಮನಸ್ಸು ಬರಲ್ಲ.

ಲಂಡನ್‌ಗೆ ಇದ್ಯಾವುದೂ ಹಿಡಿಸಲಿಲ್ಲ. ಗಡೀಪಾರು ಅಂದ್ರೆ ಜನ ನಡುಗಬೇಕು, ಇಲ್ಲಿ ಕೈದಿಗೆ ಹುದ್ದೆ, ಮರ್ಯಾದೆ ಅಂದ್ರೆ ಹೇಗೆ? ವಿಚಾರಣೆಗೆ ಜಾನ್ ಬಿಗ್ ಅನ್ನೋ ಕಮಿಷನರ್ ಬಂದರು. ಕಟ್ಟಡಗಳ ದುಂದುವೆಚ್ಚ, ಕೈದಿಗಳ ಮೇಲಿನ ಮೆದು ಧೋರಣೆ, ಎರಡಕ್ಕೂ ಮ್ಯಾಕ್ವಾರಿಯನ್ನು ತರಾಟೆಗೆ ತಗೊಂಡರು. ನನ್ನ ಪ್ರಕಾರ ಮ್ಯಾಕ್ವಾರಿ ಸರಿ. ಶಿಕ್ಷೆಗೊಂದು ಕೊನೆ ಇರಬೇಕಲ್ವಾ?

ಗವರ್ನರ್ ಬದಲಾದರು. 1822ರಲ್ಲಿ ಗ್ರೀನ್‌ವೇ ಕೆಲಸ ಹೋಯ್ತು. ಜಗಳಗಂಟ ಬೇರೆ, ಜೊತೆಗೆ ನಿಲ್ಲೋರು ಕಡಿಮೆ. ಕೈಯಲ್ಲಿ ಕಾಸಿಲ್ಲದೆ 1837ರಲ್ಲಿ ತೀರಿಕೊಂಡ. ಅವನ ಬ್ಯಾರಕ್ಸ್ 2010ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಅವನನ್ನು ಹೂತದ್ದು ಈಸ್ಟ್ ಮೇಟ್‌ಲ್ಯಾಂಡ್‌ನಲ್ಲಿ, ಗೋರಿಯ ಮೇಲೆ ಒಂದು ಹೆಸರೂ ಇಲ್ಲದೆ.